ತೋಟಾ ಬೆಲೆ ನಿಜಕ್ಕೂ ಏರಿದೆಯಾ? ಬಂದೂಕು ಅಂಗಡಿಯವರಿಗೆ ನಮ್ಮ ಗುಂಪಿನ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಂದೂಕು, ತೋಟಾ ಬೆಲೆ ಬಗ್ಗೆ ಒಂದು ವಾರದಿಂದ ಗುಂಪಿನಲ್ಲಿ ಬರೀ ಫಾರ್ವರ್ಡ್ ಬರುತ್ತಿವೆ. ಮೈಸೂರಿನಲ್ಲಿ 31 ವರ್ಷದಿಂದ ಲೈಸೆನ್ಸ್ ಪಡೆದ ಬಂದೂಕು ಅಂಗಡಿ ನಡೆಸುತ್ತಿರುವ ಸರ್ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಬೆಳೆ ಕಾವಲಿಗೆ ಲೈಸೆನ್ಸ್ ಇಟ್ಟುಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಬೆಲೆ, ಬಿಲ್ಲು, ಲೈಸೆನ್ಸ್ ಬಗ್ಗೆ ಮಾತ್ರ ಕೇಳಿ.

ನಾಗಮಂಗಲ ತೋಟದವರು: ಸರ್, ನಮಸ್ಕಾರ. ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅವನು ಒಂದು ಗ್ರಾಫ್ ಕಳಿಸಿದ್ದಾನೆ. ಅಲ್ಲಿ 2021 ರಿಂದ ಈಚೆಗೆ ಗುಂಡಿನ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಮ್ಮಲ್ಲಿ ಯಾಕೆ ಇಳಿದಿಲ್ಲ? ಅಂಗಡಿಯವರು ಲಾಭ ಹೊಡೀತಿದ್ದಾರಾ?

ಅಂಗಡಿಯವರು: ನಮಸ್ಕಾರ ಅಣ್ಣ. ಆ ಗ್ರಾಫ್ ನಾನೂ ನೋಡಿದೆ. ಅದು 9 ಎಂಎಂ ಪಿಸ್ತೂಲಿನ ಗುಂಡು. ನಿಮ್ಮ ಚರೆ ಬಂದೂಕಿನ 12 ಬೋರ್ ತೋಟಾ ಅಲ್ಲ. ಅಲ್ಲಿ ಕೊರೊನಾಗೆ ಮುಂಚೆ ಒಂದು ಗುಂಡು 20 ಸೆಂಟಿನ ಆಸುಪಾಸಿಗೆ ಸಿಗುತ್ತಿತ್ತು. 2020 ರಲ್ಲಿ ಜನ ಹೆದರಿ ಅಂಗಡಿಗೆ ನುಗ್ಗಿದರು. ಮೊದಲ ಸಲ ಬಂದೂಕು ಕೊಳ್ಳುವವರೇ ಲಕ್ಷಾಂತರ ಮಂದಿ ಬಂದರು. ಅದೇ ಹೊತ್ತಿಗೆ, ಜುಲೈನಲ್ಲಿ, ಬಂದೂಕು, ಗುಂಡು ಮಾಡುವ ಅಲ್ಲಿನ ದೊಡ್ಡ ಕಂಪನಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. 2021 ರ ಶುರುವಿನಲ್ಲಿ ಅದೇ ಗುಂಡು 60-70 ಸೆಂಟ್ ದಾಟಿತು. ನಿಮ್ಮ ಗ್ರಾಫ್ ಶುರುವಾಗುವುದು ಆ ತುದಿಯಿಂದ. ಬೆಟ್ಟದ ತುದಿಯಿಂದ ಅಳೆದರೆ ಎಲ್ಲವೂ ಇಳಿಜಾರೇ ಅಲ್ವಾ? 2019 ರಿಂದ ಶುರು ಮಾಡಿ ನೋಡಿ, ಚಿತ್ರವೇ ಬೇರೆ.

ಆ ಬೆಲೆ ಇಲ್ಲಿಗೆ ಬರುವ ದಾರಿಯೂ ಇಲ್ಲ. ವಿದೇಶಿ ಬಂದೂಕು ತರಿಸಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ಮಾರುವುದು 1980 ರ ದಶಕದಿಂದಲೇ ನಿಂತಿದೆ, ತೋಟಾ ಆಮದಿಗೂ ಬಿಗಿ ನಿರ್ಬಂಧ ಇದೆ. ಹೆಸರಾಂತ ಶೂಟರ್‌ಗಳಂಥ ಕೆಲವರಿಗೆ ಮಾತ್ರ ಬಂದೂಕು ಆಮದಿನ ಅವಕಾಶ ಇದೆ. ನಮ್ಮ ತೋಟಾ ಹೆಚ್ಚಿನದು ಸರ್ಕಾರಿ ಕಾರ್ಖಾನೆಯದು. 2021 ರ ಅಕ್ಟೋಬರ್ 1 ರಿಂದ ಆ ಕಾರ್ಖಾನೆಗಳನ್ನು ಏಳು ಕಂಪನಿ ಮಾಡಿದ್ದಾರೆ. ತೋಟಾ ಕಡೆ ಮ್ಯುನಿಷನ್ಸ್ ಇಂಡಿಯಾ ನೋಡಿಕೊಳ್ಳುತ್ತದೆ. ಅವರ ದರಪಟ್ಟಿ ಬದಲಾದರೆ ನನ್ನ ಬಿಲ್ಲು ಬದಲಾಗುತ್ತದೆ. ಟೆಕ್ಸಾಸ್‌ನಲ್ಲಿ ಏನಾಯಿತು ಅನ್ನುವುದರಿಂದ ಅಲ್ಲ.

ಹುಣಸೂರು ರೈತ: ಸರ್ ರೇಟ್ ಲಿಸ್ಟ್ ಪಿಡಿಎಫ್ ಹಾಕಿ.

ಅಂಗಡಿಯವರು: ಗುಂಪಿನಲ್ಲಿ ಹಾಕುವುದಿಲ್ಲ. ಲೈಸೆನ್ಸ್ ಪುಸ್ತಕ ತೆಗೆದುಕೊಂಡು ಅಂಗಡಿಗೆ ಬನ್ನಿ, ಆ ದಿನದ ದರ ತೋರಿಸುತ್ತೇನೆ.

ಮದ್ದೂರು ವ್ಯಾಪಾರಿ: ಪಿಸ್ತೂಲಿಗೆ ಜಿಎಸ್‌ಟಿ 28 ರಿಂದ 40 ಆಯ್ತು. 12 ಪರ್ಸೆಂಟ್ ಬೆಲೆ ಏರಿತು. ತೋಟದ ಬಂದೂಕಿಗೂ ಅದೇ ಕಥೆನಾ?

ಅಂಗಡಿಯವರು: ಪಿಸ್ತೂಲು, ರಿವಾಲ್ವರ್‌ಗೆ 2025 ರ ಸೆಪ್ಟೆಂಬರ್ 22 ರಿಂದ 40 ಆಗಿದ್ದು ನಿಜ. ನಮ್ಮ ಒಂಟಿನಳಿಗೆ, ಜೋಡಿನಳಿಗೆ ಬಂದೂಕು ಆ ಪಟ್ಟಿಯಲ್ಲಿಲ್ಲ. ಇನ್ನು ಲೆಕ್ಕ. ತೆರಿಗೆಗೆ ಮುಂಚಿನ ಬೆಲೆ 1,00,000 ಅಂತ ಇಟ್ಟುಕೊಳ್ಳಿ. ಮೊದಲು ನೀವು ಕೊಡುತ್ತಿದ್ದದ್ದು 1,28,000. ಈಗ 1,40,000. 12,000 ಜಾಸ್ತಿ ಕೊಟ್ಟಿದ್ದು 1,28,000 ದ ಮೇಲೆ. ಹಾಗಾಗಿ ಏರಿದ್ದು ಸುಮಾರು 9.4 ಪರ್ಸೆಂಟ್. ನಿಮ್ಮ ಬಿಲ್ಲು ಅದಕ್ಕಿಂತ ಜಾಸ್ತಿ ಏರಿದ್ದರೆ ಮೂಲ ಬೆಲೆಯೂ ಏರಿದೆ ಅಂತ ಅರ್ಥ. ಇದಕ್ಕೇ ನಾನು ಹೇಳುವುದು, ಬಿಲ್ಲಿನ ಕೊನೇ ಸಾಲು ಮಾತ್ರ ಬರೆದಿಟ್ಟುಕೊಂಡರೆ ಏನೂ ಗೊತ್ತಾಗಲ್ಲ. ಮೂಲ ಬೆಲೆ ಬೇರೆ, ತೆರಿಗೆ ಬೇರೆ ಬರೆಯಿರಿ.

ಮದ್ದೂರು ವ್ಯಾಪಾರಿ: 40 ರಲ್ಲಿ 28 ಕಳೆದರೆ 12 ಅಲ್ವಾ ಸರ್. ಇದರಲ್ಲಿ ಏನಿದೆ?

ಪಾಂಡವಪುರ ಮೇಷ್ಟ್ರು: ಕಳೆಯೋದು ಸರಿ ಕಣಪ್ಪ, ಭಾಗಿಸೋದು ಯಾವುದರಿಂದ ಅನ್ನೋದು ಪ್ರಶ್ನೆ. ಏಳನೇ ಕ್ಲಾಸಿನ ಲೆಕ್ಕ ಇದು.

ಮದ್ದೂರು ವ್ಯಾಪಾರಿ: ಮೇಷ್ಟ್ರೇ, ನಾನು ಅಂಗಡಿ ಇಟ್ಟು 20 ವರ್ಷ ಆಯ್ತು. ನನಗೆ ಪರ್ಸೆಂಟ್ ಹೇಳಿಕೊಡಬೇಡಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಮುಂದಿನ ಪ್ರಶ್ನೆ.

ಮಳವಳ್ಳಿ ಯುವಕ: ಸರ್, ನಮ್ಮ ತಾತನ ಜೋಡಿನಳಿಗೆ ಬಂದೂಕು ಮನೆಯಲ್ಲಿದೆ. ತಾತ ಹೋಗಿ ಎಂಟು ತಿಂಗಳಾಯ್ತು. ಇಂಗ್ಲೆಂಡಿನ ಮಾಲು. ನಳಿಗೆ ಮೇಲೆ ಹಾವಿನ ಚರ್ಮದ ಥರ ಸುತ್ತು ಸುತ್ತು ಗೆರೆ ಇದೆ, ಫೋಟೋ ಹಾಕಿದ್ದೇನೆ. ತಳದಲ್ಲಿ 2½ ಅಂತ ಕೆತ್ತಿದೆ. ಕಾವೇರಿ ಕಾಡಿನ ಪಕ್ಕದ ಹೊಲ, ಹಂದಿ ಕಾಟ ಜಾಸ್ತಿ. ಒಬ್ಬರು 70 ಮಿಲಿಮೀಟರ್ ತೋಟಾ ಅರ್ಧ ಬೆಲೆಗೆ ಕೊಡುತ್ತೇನೆ ಅಂದರು. ಒಂದು ಹಾಕಿ ನೋಡಿದೆ, ಸರಿಯಾಗಿ ಕೂರುತ್ತೆ. ತೋಟಾ ತಗೊಳ್ಳಲಾ? ಇಲ್ಲ ಬಂದೂಕನ್ನೇ ಮಾರಿದರೆ ಈಗ ಎಷ್ಟು ಸಿಗುತ್ತೆ?

ಅಂಗಡಿಯವರು: ತಮ್ಮಾ, ಬೇರೆಯವರಿಗೆ ಆಮೇಲೆ ಉತ್ತರ ಕೊಡುತ್ತೇನೆ. ಮೊದಲು ನಿಮ್ಮ ವಿಷಯ. ಆ ಬಂದೂಕಿಗೆ ಇನ್ನೊಂದು ಸಲ ತೋಟಾ ಹಾಕಬೇಡಿ. ಹೊಡೆಯುವುದಂತೂ ಬೇಡವೇ ಬೇಡ.

ನಿಮ್ಮ 2½ ಅಂದರೆ ಎರಡೂವರೆ ಇಂಚು. 65 ಮಿಲಿಮೀಟರ್ ತೋಟಾಗೆ ಮಾಡಿದ ಗೂಡು. 70 ರ ತೋಟಾ ಅದರಲ್ಲಿ ಕೂರುತ್ತದೆ, ನಿಜ. ಮೋಸ ಇರುವುದು ಅಲ್ಲೇ. ಹೊಡೆಯದ ತೋಟಾದ ಬಾಯಿ ಒಳಗೆ ಮಡಿಚಿರುತ್ತದೆ, ಅದಕ್ಕೇ ಗಿಡ್ಡ ಕಾಣುತ್ತದೆ. 70 ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಗೂಡು ಮುಗಿದ ಕಡೆ ನಳಿಗೆ ಸಣ್ಣದಾಗುತ್ತದೆ. ಬಿಚ್ಚಿಕೊಂಡ ಬಾಯಿ ಅಲ್ಲಿಗೆ ಹೋಗಿ ಅಡ್ಡ ನಿಲ್ಲುತ್ತದೆ. ಚರೆಯೆಲ್ಲ ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ಹಿಂದೆ ಒತ್ತಡ ಏರುತ್ತದೆ. ಗಟ್ಟಿ ಬಂದೂಕಾದರೆ ಭುಜಕ್ಕೆ ಏಟು ಬೀಳಬಹುದು. ನಿಮ್ಮದು ಗಟ್ಟಿ ಬಂದೂಕಲ್ಲ.

ಯಾಕೆಂದರೆ ಆ ಹಾವಿನ ಚರ್ಮದ ಗೆರೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಅದು ಡಮಾಸ್ಕಸ್ ನಳಿಗೆ ಥರ ಕಾಣುತ್ತದೆ. ಕಬ್ಬಿಣ, ಉಕ್ಕಿನ ಪಟ್ಟಿಯನ್ನು ಹಗ್ಗದ ಥರ ಹೊಸೆದು, ಕಂಬಿಗೆ ಸುತ್ತಿ, ಕಾಯಿಸಿ ಬೆಸೆದು ಮಾಡಿದ ನಳಿಗೆ. ಕರಿಮದ್ದಿನ ಕಾಲದ್ದು. ನೂರು ವರ್ಷ ಕಳೆದ ಮೇಲೆ ಆ ಬೆಸುಗೆಯ ಸಂದಿಯಲ್ಲಿ ಒಳಗೊಳಗೇ ತುಕ್ಕು ಹಿಡಿದಿರಬಹುದು. ಹೊರಗೆ ಎಣ್ಣೆ ಒರೆಸಿದರೆ ಕನ್ನಡಿ ಥರ ಹೊಳೆಯುತ್ತದೆ. ನನ್ನ ಅಂಗಡಿಯ ಗೋಡೆಯಲ್ಲಿ ಇಂಥದ್ದೇ ಒಂದು ನಳಿಗೆ ತೂಗು ಹಾಕಿದ್ದೇನೆ. ಗೂಡಿನಿಂದ ನಾಲ್ಕು ಬೆರಳು ಮುಂದೆ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಂಡಿದೆ. ಎಡಗೈ ಹಿಡಿಯುವುದು ಸರಿಯಾಗಿ ಅಲ್ಲೇ. ಅದನ್ನು ತಂದುಕೊಟ್ಟವರು ಬಲಗೈಯಲ್ಲಿ ತಂದುಕೊಟ್ಟರು.

ಇನ್ನೊಂದು ವಿಷಯ, ಇದು ಬೆಲೆಗಿಂತ ದೊಡ್ಡದು. ಲೈಸೆನ್ಸ್ ಇದ್ದದ್ದು ತಾತನ ಹೆಸರಿನಲ್ಲಿ. ಅವರು ಹೋದ ಮೇಲೆ ಆ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21 ನೇ ಸೆಕ್ಷನ್ ಪ್ರಕಾರ ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019 ರ ತಿದ್ದುಪಡಿ ಆದ ಮೇಲೆ 2 ರಿಂದ 5 ವರ್ಷ ಶಿಕ್ಷೆ ಇದೆ. ನಿಮ್ಮನ್ನು ಹೆದರಿಸುತ್ತಿಲ್ಲ. ನಾಳೆ ಬೆಳಗ್ಗೆ ಠಾಣೆಗೆ ಫೋನ್ ಮಾಡಿ, ಹೀಗೆ ಅಂತ ಹೇಳಿ, ಹೇಗೆ ತರಬೇಕು ಅಂತ ಅವರನ್ನೇ ಕೇಳಿ. ತಾತನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಜೊತೆಗಿರಲಿ. ರಸೀದಿ ಬಿಡಬೇಡಿ. ಆಮೇಲೆ ವಾರಸುದಾರರಾಗಿ ಮಂಡ್ಯ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಬಹುದು, ಇಲ್ಲ ಮಾರಬಹುದು.

ಬೆಲೆ ಕೇಳಿದಿರಿ. ಹೊಡೆಯಲು ಬಾರದ ಬಂದೂಕಿಗೆ ಕಾವಲು ಬಂದೂಕಿನ ಬೆಲೆ ಬರುವುದಿಲ್ಲ. ಹೆಸರಾಂತ ಮೇಕರ್ ಆಗಿದ್ದರೆ ಸಂಗ್ರಹ ಮಾಡುವವರು ಕೇಳಬಹುದು. ಫೋಟೋ ನೋಡಿ ನಾನು ಅಂಕಿ ಹೇಳುವುದಿಲ್ಲ. ಆ ಅರ್ಧ ಬೆಲೆ ತೋಟಾದವರು ಯಾರು? ಬಿಲ್ಲು ಕೊಡುತ್ತಾರಾ? ನಿಮ್ಮ ಹೆಸರಿನಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ಮಾರಲು ಬಂದವರು ವ್ಯಾಪಾರಿಯೇ ಅಲ್ಲ. ಹಾಕಿ ನೋಡಿದ ಆ ಒಂದು ತೋಟಾ ಇನ್ನೂ ನಿಮ್ಮ ಹತ್ತಿರ ಇದ್ದರೆ ಅದನ್ನೂ ಠಾಣೆಯಲ್ಲಿ ಹೇಳಿ.

ಮಳವಳ್ಳಿ ಯುವಕ: ಸರ್, ಕೈ ನಡುಗ್ತಾ ಇದೆ. ನಾಳೆಯೇ ಹೋಗುತ್ತೇನೆ.

ಕೆ.ಆರ್. ಪೇಟೆ ಕಬ್ಬು ಬೆಳೆಗಾರ: ಹಳೇ ಒಂಟಿನಳಿಗೆ 2020 ರಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಈಗ ಇಲ್ಲ. ಯಾಕೆ?

ಅಂಗಡಿಯವರು: 2019 ರ ಕೊನೆಯಲ್ಲಿ ಕಾನೂನು ಬದಲಾಯಿತು. ಒಬ್ಬರಿಗೆ ಮೂರು ಬಂದೂಕು ಇದ್ದದ್ದು ಎರಡಕ್ಕೆ ಇಳಿಯಿತು. ಮೂರನೆಯದನ್ನು ಬಿಡಲು ಒಂದು ವರ್ಷ ಕೊಟ್ಟರು. ಆ ವರ್ಷ ನನ್ನ ಕೌಂಟರಿನ ಮುಂದೆ ಹಳೇ ಒಂಟಿನಳಿಗೆ ಸಾಲಾಗಿ ನಿಂತಿದ್ದವು. ಯಾರೂ ಒಳ್ಳೆಯ ಜೋಡಿನಳಿಗೆ ಬಿಡಲಿಲ್ಲ, ಮನೆಯ ಮೂಲೆಯಲ್ಲಿದ್ದದ್ದನ್ನೇ ಬಿಟ್ಟರು. ಆ ಬೆಲೆಯನ್ನು ಮಾಮೂಲಿ ಬೆಲೆ ಅಂದುಕೊಳ್ಳಬೇಡಿ. ಬಲವಂತಕ್ಕೆ ಮಾರಿದ ವರ್ಷ ಅದು. ಹಾಗೇ ನಿಮ್ಮ ಬಂದೂಕನ್ನು ಇನ್ನೊಬ್ಬ ಲೈಸೆನ್ಸ್‌ದಾರರಿಗೆ ಕೊಡುವುದಾದರೆ 45 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ಇವತ್ತು ಮಾತಾಡಿದ ಬೆಲೆ ಅಷ್ಟು ದಿನ ನಿಲ್ಲುತ್ತಾ ಅಂತ ಮೊದಲೇ ಬರೆದುಕೊಳ್ಳಿ.

ಹುಣಸೂರು ರೈತ: ಸರ್ ರೇಟ್ ಲಿಸ್ಟ್?

ಅಂಗಡಿಯವರು: ಮೇಲೆ ಹೇಳಿದ್ದೇನೆ.

ಪಾಂಡವಪುರ ಮೇಡಂ: ಸರ್, ಮಗಳು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಅದರ ಸಣ್ಣ ಗುಂಡು, ಪೆಲೆಟ್, ಬೆಲೆ ಅಂಗಡಿಗೊಂದು ಥರ ಇದೆ. ಲೈಸೆನ್ಸ್ ಬೇಕಾ? ರೇಂಜಿನ ಫೀಸ್ ಎಷ್ಟು ಇರುತ್ತೆ?

ಅಂಗಡಿಯವರು: ನಳಿಗೆ 4.5 ಮಿಲಿಮೀಟರ್, ಹೊಡೆತದ ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ಇರಲಿ. ಡಬ್ಬಿ ಬೆಲೆ ನೋಡಬೇಡಿ ಮೇಡಂ, ಎಷ್ಟು ಪೆಲೆಟ್ ಇದೆ ನೋಡಿ ಭಾಗಿಸಿ. 4.49 ಮತ್ತು 4.50 ಅನ್ನುವ ಪೆಲೆಟ್ ತಲೆಯ ಅಳತೆ ಬೇರೆ ಬೇರೆ, ಅವೆರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ.

ಎಚ್.ಡಿ. ಕೋಟೆ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ: "ತೋಟಾ ದುಬಾರಿ ಆಯ್ತಾ? ಖಾಲಿ ತೋಟಾಗೆ ಮನೆಯಲ್ಲೇ ಮದ್ದು ತುಂಬಿ, ಮುಕ್ಕಾಲು ಪಾಲು ಉಳಿಸಿ. ಒದ್ದೆ ತೋಟಾ ಒಲೆ ಪಕ್ಕ ಒಣಗಿಸಿ." ಉಪಯೋಗಕ್ಕೆ ಬರುತ್ತೆ ಅಂತ ಹಾಕಿದೆ.

ಅಂಗಡಿಯವರು: ದಯವಿಟ್ಟು ಈಗಲೇ ಅಳಿಸಿ. ಪಟಾಕಿ ಮದ್ದು ಬೇರೆ, ತೋಟಾದ ಮದ್ದು ಬೇರೆ. ಒಂದು ಉರಿಯುವ ವೇಗ ಇನ್ನೊಂದಕ್ಕಿಲ್ಲ. ಉಳಿತಾಯ ಅನ್ನುತ್ತಾರಲ್ಲ, ಎಷ್ಟು ಉಳಿಯುತ್ತದೆ? ಆಸ್ಪತ್ರೆ ಬಾಗಿಲಲ್ಲಿ ಕೂತವರನ್ನು ಕೇಳಿ. ಒದ್ದೆ ತೋಟಾ ಒಲೆ ಪಕ್ಕ ಇಡುವುದಂತೂ ಮನೆ ಮಕ್ಕಳಿರುವ ಕಡೆ ಮಾಡುವ ಕೆಲಸವಾ? ಒದ್ದೆಯಾದ ತೋಟಾ ಉಬ್ಬಬಹುದು, ಗೂಡಿನಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು ಲೆಕ್ಕದಿಂದ ಬಿಟ್ಟುಬಿಡಿ, ಅಂಗಡಿಗೆ ತಂದು ಒಪ್ಪಿಸಿ.

ಎಚ್.ಡಿ. ಕೋಟೆ ಸದಸ್ಯ: ನಮ್ಮ ಕಡೆ ಹಿಂದಿನವರು ಮಾಡುತ್ತಿದ್ದರು ಸರ್. ಅವರಿಗೇನೂ ಆಗಲಿಲ್ಲ.

ಅಂಗಡಿಯವರು: ಆದವರು ಹೇಳಿಕೊಳ್ಳಲು ಉಳಿದಿಲ್ಲ. ಅಳಿಸಿ.

ಮಳವಳ್ಳಿ ಹಿರಿಯರು: ಬೆಲೆ ಮಾತು ಬಿಡಿ. ಹಂದಿ ಹೊಡೆಯೋಕೆ ಪರ್ಮಿಷನ್ ಯಾಕೆ ಬೇಕು? ಲೈಸೆನ್ಸ್ ಬೆಳೆ ಕಾವಲಿಗೆ ತಾನೇ ಕೊಟ್ಟಿರೋದು?

ಸರಗೂರು ಸದಸ್ಯೆ: ಲೈಸೆನ್ಸ್ ಅಂದರೆ ಬೇಟೆಗೆ ಅನುಮತಿ ಅಲ್ಲ ಅಂಕಲ್. ಅರಣ್ಯ ಇಲಾಖೆ ಬರಹದಲ್ಲಿ ಕೊಡಬೇಕು.

ಮಳವಳ್ಳಿ ಹಿರಿಯರು: ರಾತ್ರಿ ಕಾವಲು ಕೂತಿದ್ದೀಯಾ ತಾಯಿ ಯಾವತ್ತಾದರೂ? ಒಂದೇ ರಾತ್ರಿಗೆ ಅರ್ಧ ಎಕರೆ ಮುಸುಕಿನ ಜೋಳ ಹೋಯ್ತು. ಪರಿಹಾರದ ಅರ್ಜಿ ಹಾಕಿ ಎಷ್ಟು ದಿನ ಆಯ್ತು ಗೊತ್ತಾ?

ಸರಗೂರು ಸದಸ್ಯೆ: ಕೂತಿದ್ದೇನೆ. ನಮ್ಮದು ರಾಗಿ ಹೊಲ, ಆನೆ ಬರುತ್ತದೆ. ನಿಮಗೊಬ್ಬರಿಗೇ ಕಷ್ಟ ಅಂದುಕೊಳ್ಳಬೇಡಿ.

ನಾಗಮಂಗಲ ತೋಟದವರು: ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೆ ಮಾತ್ರ ಎಲ್ಲ ಕಾನೂನು.

ಅಂಗಡಿಯವರು: ಆ ವಿನಾಯಿತಿ ಕೊಡವ ಜನಾಂಗದವರಿಗೆ, ಜಮ್ಮಾ ಅನ್ನುವ ಹಳೇ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ. 2029 ರವರೆಗೆ ಇದೆ. ನಿಮಗೆ ಅದು ಅನ್ವಯಿಸುವುದಿಲ್ಲ. ಹಂದಿ ವಿಷಯದಲ್ಲಿ ಮೇಡಂ ಹೇಳಿದ್ದು ಸರಿ. ಹಿರಿಯರ ಸಂಕಟವೂ ಸುಳ್ಳಲ್ಲ. ಆದರೆ ನಾನು ಕೂತಿರುವುದು ಬೆಲೆ ಹೇಳಲು.

ಮದ್ದೂರು ವ್ಯಾಪಾರಿ: ಚುನಾವಣೆ ಆದ ಮೇಲೆ ತೋಟಾ ಬೆಲೆ ಏರುತ್ತೆ. ಇದನ್ನಾದರೂ ಒಪ್ಪುತ್ತೀರಾ ಅಥವಾ ಇದಕ್ಕೂ ಏಳನೇ ಕ್ಲಾಸ್ ಪಾಠ ಇದೆಯಾ?

ಅಂಗಡಿಯವರು: ಒಪ್ಪುವುದಿಲ್ಲ. ನನ್ನ ಪುಸ್ತಕ ಮುಂದಿದೆ, ನೋಡಿಯೇ ಹೇಳುತ್ತಿದ್ದೇನೆ. ನೀಲಿ ರಟ್ಟಿನ ಲೆಡ್ಜರ್. ತಾರೀಖು, ಉದ್ದ, ಚರೆ ನಂಬರ್, ಒಂದು ತೋಟಾದ ಮೂಲ ಬೆಲೆ, ತೆರಿಗೆ. ಕೊನೇ ಕಾಲಂ "ಸ್ಟಾಕ್ ಇದೆ / ಇಲ್ಲ". 2023 ರ ವಿಧಾನಸಭೆ, 2024 ರ ಲೋಕಸಭೆ, ಎರಡು ಸಲವೂ ಚುನಾವಣೆ ಮುಗಿಯುವವರೆಗೆ ಬಂದೂಕು ಠಾಣೆಗೆ ಹೋದವು, ವಾಪಸ್ ಬಂದ ಮೇಲೆ ಎಲ್ಲರೂ ಒಟ್ಟಿಗೇ ಅಂಗಡಿಗೆ ಬಂದರು. ಬೆಲೆ ಕಾಲಂ ಅಲ್ಲಾಡಿಲ್ಲ. "ಇಲ್ಲ" ಅಂತ ಮಾತ್ರ ಎರಡು ವಾರ ಬರೆದಿದ್ದೇನೆ. ಸಿಗದೇ ಇರುವುದು ಬೇರೆ, ಬೆಲೆ ಏರುವುದು ಬೇರೆ. ಇವೆರಡನ್ನೂ ಒಂದೇ ಮಾಡಿದರೆ ಜನ ಹೆದರಿ ಬೇಕಿಲ್ಲದ್ದನ್ನೂ ಕೊಳ್ಳುತ್ತಾರೆ. ಅಮೆರಿಕದಲ್ಲಿ 2013 ರಲ್ಲೂ ಹಾಗೇ ಆಯಿತು. .22 ಗುಂಡು ತಿಂಗಳುಗಟ್ಟಲೆ ಸಿಗಲಿಲ್ಲ, ಜನ ಕೂಡಿಟ್ಟದ್ದಕ್ಕೇ ಕೊರತೆ ಇನ್ನೂ ಬೆಳೆಯಿತು. ಇಲ್ಲಿ ಕೂಡಿಡುವಂತೆಯೂ ಇಲ್ಲ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ನಿಮ್ಮ ಲೈಸೆನ್ಸ್ ಪುಸ್ತಕದಲ್ಲೇ ಬರೆದಿದೆ.

ಕೆ.ಆರ್. ಪೇಟೆ ಕಬ್ಬು ಬೆಳೆಗಾರ: ಸೀಸ, ತಾಮ್ರದ ರೇಟ್ ನೋಡಿದರೆ ಮುಂದೆ ಏರುತ್ತಾ ಇಲ್ವಾ ಗೊತ್ತಾಗುತ್ತಾ?

ಹುಣಸೂರು ರೈತ: ಫೇಸ್‌ಬುಕ್‌ನಲ್ಲಿ ಒಬ್ಬರು ಕೊರಿಯರ್‌ನಲ್ಲಿ ಬಂದೂಕು ಕಳಿಸ್ತಾರಂತೆ. ಅಡ್ವಾನ್ಸ್ 5,000 ಫೋನ್‌ಪೇ ಮಾಡಿ ಅಂದಿದ್ದಾರೆ. ರೇಟ್ ಚೆನ್ನಾಗಿದೆ.

ಅಂಗಡಿಯವರು: ಮಾಡಬೇಡಿ. ದುಡ್ಡು ಹೋಗುತ್ತದೆ. ಬಂದೂಕು ನಿಜಕ್ಕೂ ಬಂದರೆ ಅದಕ್ಕಿಂತ ಕೆಟ್ಟದ್ದು. ಈ ಪ್ರಶ್ನೆ ಇನ್ನೊಂದು ಸಲ ಬಂದರೆ ಉತ್ತರ ಕೊಡುವುದಿಲ್ಲ.

ಹುಣಸೂರು ರೈತ: ನೀವು ರೇಟ್ ಲಿಸ್ಟ್ ಕೊಟ್ಟಿದ್ದರೆ ನಾನ್ಯಾಕೆ ಅಲ್ಲಿಗೆ ಹೋಗುತ್ತಿದ್ದೆ?

ಪಾಂಡವಪುರ ಮೇಷ್ಟ್ರು: ಅವರು ಕೊಡಲ್ಲ ಅಂತ ಎರಡು ಸಲ ಹೇಳಿದ್ದಾರೆ, ಓದಲಿಕ್ಕೆ ಬರುತ್ತೆ ಅಲ್ವಾ?

ಹುಣಸೂರು ರೈತ: ಮೇಷ್ಟ್ರೇ ಮರ್ಯಾದೆ ಕೊಟ್ಟು ಮಾತಾಡಿ.

ಅಡ್ಮಿನ್: ಇವತ್ತಿಗೆ ಸಾಕು. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡುತ್ತಿದ್ದೇನೆ. ಮಳವಳ್ಳಿ ತಮ್ಮನಿಗೆ, ಅಂಗಡಿಯ ಸರ್‌ಗೆ ಮಾತ್ರ ನಾಳೆ ಬಿಡುತ್ತೇನೆ.

(ಮರುದಿನ ಮಧ್ಯಾಹ್ನ)

ಮಳವಳ್ಳಿ ಯುವಕ: ಸರ್, ಠಾಣೆಯವರೇ ಮನೆಗೆ ಬಂದು ತಗೊಂಡು ಹೋದರು. ಆ ತೋಟಾವನ್ನೂ ಕೊಟ್ಟೆ. ರಸೀದಿ ಫೋಟೋ ನಿಮಗೆ ಬೇರೆ ಕಳಿಸಿದ್ದೇನೆ. ಅಜ್ಜಿ ಬಾಗಿಲವರೆಗೂ ಬಂದು ಬಂದೂಕಿನ ಹಿಡಿ ಮುಟ್ಟಿ ಕಳಿಸಿದರು.

ಅಂಗಡಿಯವರು: ರಸೀದಿಯಲ್ಲಿ ಬಂದೂಕಿನ ನಂಬರ್ ಒಂದಂಕಿ ಬಿಟ್ಟುಹೋದ ಹಾಗಿದೆ. ಇವತ್ತೇ ಹೋಗಿ ಸರಿ ಮಾಡಿಸಿಕೊಳ್ಳಿ ತಮ್ಮಾ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.