ಪ್ಯಾರಿಸ್ ಮನೆ ಚಿತ್ರದಲ್ಲಿ ಬಡವರೆಲ್ಲ ಮೇಲಿನ ಮಹಡಿಲಿ ಯಾಕಿದ್ದಾರೆ?

ಪ್ರಶ್ನೆ: ಬರ್ತಾಲ್ ಅನ್ನೋ ಕಲಾವಿದರ 1845ರ ಚಿತ್ರ ಒಂದು ನೋಡ್ದೆ, ಪ್ಯಾರಿಸ್ಸಿನ ಒಂದು ಕಟ್ಟಡನ ಉದ್ದುದ್ದ ಸೀಳಿ ಒಳಗಿರೋರ್ನೆಲ್ಲ ತೋರ್ಸಿದಾರೆ. ಮೊದಲ ಮಹಡಿಲಿ ಸಾಹುಕಾರ ದಂಪತಿ ದೊಡ್ಡ ರೂಮಲ್ಲಿ ಬೇಜಾರಾಗಿ ಆಕಳಿಸ್ತಾ ಕೂತಿದಾರೆ, ತುತ್ತತುದೀಲಿ ಸೂರು ಸೋರ್ತಿದೆ ಅಂತ ಒಬ್ಬ ಹಾಸಿಗೆ ಮೇಲೇ ಛತ್ರಿ ಹಿಡ್ಕೊಂಡಿದಾನೆ. ಈಗಿನ ಕಾಲದಲ್ಲಿ ಮೇಲ್ಗಡೆ ಮನೆಗೇ ಅಲ್ವಾ ಬೆಲೆ ಜಾಸ್ತಿ, ಆಗ ಯಾಕೆ ಉಲ್ಟಾ?

ಉತ್ತರ 1: ಲಿಫ್ಟ್ ಇರ್ಲಿಲ್ಲ ಅಷ್ಟೇ ಸರ್. ನೀರು, ಸೌದೆ, ಕಲ್ಲಿದ್ದಲು ಎಲ್ಲಾ ಮೆಟ್ಟಿಲಲ್ಲೇ ಹೊತ್ಕೊಂಡು ಹೋಗ್ಬೇಕಿತ್ತು, ಹಾಗಾಗಿ ಹತ್ತೋದು ಕಮ್ಮಿ ಇದ್ದಷ್ಟೂ ಬಾಡಿಗೆ ಜಾಸ್ತಿ. ಒಂದೇ ಬಾಗ್ಲು, ಒಂದೇ ಮೆಟ್ಟಿಲು, ಆದ್ರೂ ಮಹಡಿ ಮಹಡಿಗೂ ಬೇರೆ ಬೇರೆ ಬದುಕು. ಒಂದೂ ಭಾಷಣ ಇಲ್ದೆ ಇಡೀ ಊರಿನ ಏರಿಳಿತ ಒಂದು ಪುಟದಲ್ಲಿ ಹೇಳಿಬಿಟ್ಟಿದಾರೆ ನೋಡಿ, ನಂಗೆ ಆ ಕಾಲದ ಚಿತ್ರಗಳಲ್ಲೆಲ್ಲ ಇದೇ ಅಚ್ಚುಮೆಚ್ಚು.

ಉತ್ತರ 2: ಇದು ಇಷ್ಟ ಆಗಿದ್ರೆ ಅದೇ ಕಾಲದ ಫ್ರೆಂಚ್ ವ್ಯಂಗ್ಯಚಿತ್ರಕಾರ ದೋಮಿಯೇ ಅವರ ಚಿತ್ರಗಳನ್ನ ನೋಡ್ಲೇಬೇಕು. 1831ರಲ್ಲಿ ರಾಜ ಲೂಯಿ ಫಿಲಿಪ್ಪನ್ನ ಜನರ ತೆರಿಗೆ ನುಂಗೋ ದೈತ್ಯನ ಥರ ಬರ್ದು 1832ರಲ್ಲಿ ಜೈಲಿಗೆ ಹೋದ್ರು, 1835ರ ಸೆಪ್ಟೆಂಬರ್ ಕಾನೂನು ಬಂದ್ಮೇಲೆ ರಾಜಕೀಯ ಚಿತ್ರಕ್ಕೆ ಮೊದ್ಲೇ ಸರ್ಕಾರದ ಒಪ್ಪಿಗೆ ಬೇಕಾಯ್ತು, ಆಗ ಅವ್ರು 'ಶಾರಿವಾರಿ' ಅನ್ನೋ ವ್ಯಂಗ್ಯ ಪತ್ರಿಕೇಲಿ ಬೀದಿ ಕಡೆ ತಿರುಗಿದ್ರು, ವಕೀಲರು, ಮನೆ ಮಾಲೀಕರು, ಬಾಡಿಗೆದಾರರು, ಕುದುರೆ ಎಳೆಯೋ ಬಸ್ಸಲ್ಲಿ ಒತ್ಕೊಂಡು ಕೂತಿರೋ ಜನ. ರಾಜನ್ನ ಬೈಯೋಕಾಗದೆ ಇದ್ದಾಗ ರಾಜನ ಕಾಲದಲ್ಲಿ ಉಬ್ಬಿದವರನ್ನ ಬರೆದ್ರು ಅಂತಾನೇ ನನ್ನ ಅಭಿಪ್ರಾಯ. ಅವ್ರ ರೊಬೆರ್ ಮಕೇರ್ ಸರಣಿ ನೋಡಿ, ಸುಮಾರು ನೂರು ಚಿತ್ರ, ಮಕೇರ್ ಅನ್ನೋ ಒಬ್ಬನೇ ಮೋಸಗಾರ ಒಂದ್ಸಲ ವಕೀಲ, ಇನ್ನೊಂದ್ಸಲ ಡಾಕ್ಟರು, ಮತ್ತೊಂದ್ಸಲ ಷೇರು ಮಾರೋನು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಆದ್ರೆ ಚಿತ್ರದ ಕೆಳಗಿರೋ ಫ್ರೆಂಚ್ ಸಾಲು ಅರ್ಥ ಆಗ್ದೆ ಇದ್ರೆ ಮಜಾನೇ ಹೋಗಲ್ವಾ?

ಉತ್ತರ 2: ಎಷ್ಟೋ ಸಾಲು ದೋಮಿಯೇ ಬರೆದಿದ್ದೇ ಅಲ್ಲ. ಮಕೇರ್‌ದು ಪತ್ರಿಕೆ ನಡೆಸ್ತಿದ್ದ ಫಿಲಿಪೋಂ ಬರೆದಿದ್ದು. ಮೊದ್ಲು ಹೊಟ್ಟೆ, ಭುಜ, ಟೋಪಿ ನೋಡಿ. ಅಚ್ಚು ಹಾಕೋ ಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನಲ್ಲಿ ನೇರವಾಗಿ ಬರೀತಿದ್ರಿಂದ ಗೆರೆ ಒಂಥರಾ ಮೆತ್ತಗಿರುತ್ತೆ, ವಕೀಲನ ಕರೀ ಗೌನು ಹೇಗೆ ರೆಕ್ಕೆ ಥರ ಹಾರುತ್ತೆ ಅಂತ ನೋಡಿದ್ರೇನೇ ಅವ್ನ ಜಂಭ ಗೊತ್ತಾಗ್ಬಿಡುತ್ತೆ.

ಉತ್ತರ 3: ದೋಮಿಯೇನ ಪೂರ್ತಿ ಬಡವರ ಪರ, ನ್ಯಾಯದ ಪರ ಅಂತ ಹೊಗಳೋದಕ್ಕೆ ನಾನು ಒಪ್ಪಲ್ಲ. 1844ರಲ್ಲಿ ಓದು ಬರಹ ಮಾಡೋ ಹೆಂಗಸರ ಮೇಲೆ ಒಂದು ಚಿತ್ರ ಸರಣಿ ಬರೆದಿದಾರೆ, ಹೆಂಡ್ತಿ ಬರೀತಾ ಕೂತ್ರೆ ಮನೆ ಹಾಳು, ಮಗು ಹಾಳು ಅನ್ನೋ ಥರ, ಈಗ ನೋಡಿದ್ರೆ ಸಿಟ್ಟು ಬರುತ್ತೆ. ದೊಡ್ಡವರನ್ನ ಹಂಗಿಸೋ ಕೈನೇ ಮನೆಯೊಳಗಿನ ಹೆಂಗಸನ್ನೂ ಹಂಗಿಸ್ತು, ಎರಡೂ ಒಟ್ಟಿಗೇ ನೋಡ್ಬೇಕು.

ಉತ್ತರ 1: ಹೌದು ಮೇಡಂ, ಆ ಸರಣಿ ವಿಷ್ಯದಲ್ಲಿ ನೀವು ಹೇಳಿದ್ದು ಸರಿ. ನೋಡ್ಬೇಕು ಅನ್ನೋರಿಗೆ, ಫ್ರಾನ್ಸ್ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಸೈಟಲ್ಲಿ 'ಶಾರಿವಾರಿ'ಯ ಹಳೇ ಸಂಚಿಕೆಗಳು ಫ್ರೀ ಆಗಿ ಸಿಗ್ತವೆ, ಝೂಮ್ ಮಾಡಿ ನೋಡಿ.