ಪದ ಬೇಕು: ಲೈಂಗಿಕ ಕ್ರಿಯೆಯ ನಂತರದ ಮೂತ್ರನಾಳದ ಸೋಂಕು (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಹೆಂಗಸರ ಆರೋಗ್ಯದ ಕರಪತ್ರ, ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೇಲಿನದೇ ತಲೆಬರಹ ಹಾಕಿದ್ದೆ. ಆಶಾ ಕಾರ್ಯಕರ್ತೆಯೊಬ್ಬರು ಓದಿ, "ಗೋಡೆ ಮೇಲಿನ ಗುಪ್ತರೋಗದ ಜಾಹೀರಾತು ಇದ್ದಂಗಿದೆ ಮೇಡಂ" ಅಂದರು. ಬೇರೆ ಹೇಳಿ. ಸೇರುವಾಗ ಒಣಗದಂತೆ ಹಚ್ಚುವ ಲೂಬ್ರಿಕೆಂಟ್‌ಗೂ ಒಂದು ಪದ ಬೇಕು.
– ಸು.

ಲೈಂಗಿಕ, ಕ್ರಿಯೆ, ಮೂತ್ರ, ನಾಳ ಎಲ್ಲ ಸಂಸ್ಕೃತ. 'ಕೂಟದ ಬಳಿಕದ ಉಚ್ಚೆಯುರಿ' ಅನ್ನಿ. ಓಡು-ಓಟ, ಕೂಡು-ಕೂಟ. ಲೂಬ್ರಿಕೆಂಟ್‌ಗೆ 'ಜಾರುಕ'. ಮುಗಿಯಿತು.
– ರಾ.

ಮುಗಿದಿಲ್ಲ ಸ್ವಾಮಿ. ಕೂಟ ಅಂದರೆ ಅಮೆರಿಕದ ಕನ್ನಡ ಕೂಟದವರು ಗಾಬರಿಯಾಗುತ್ತಾರೆ. ಉಚ್ಚೆಯುರಿ ಅಂತ ಅಚ್ಚು ಹಾಕಿದರೆ ಹಂಚುವವರೇ ಮುಟ್ಟಲ್ಲ. ಅಜ್ಜಿಯರ ಕಾಲದ 'ಉರಿಮೂತ್ರ' ಇದೆಯಲ್ವಾ?
– ವಿ.

ಉರಿಮೂತ್ರ ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ದೋಷ.
– ರಾ.

ಉರಿಯುವ ಮೂತ್ರ. ಸಿಡಿಮದ್ದಿನ ಹಾಗೆ ಗಮಕ ಸಮಾಸ, ಅದರಲ್ಲಿ ಈ ಬೆರಕೆ ದೋಷವಲ್ಲ. ಹಳೆಯ ವ್ಯಾಕರಣಕಾರ ಕೇಶಿರಾಜನನ್ನು ಸುಮ್ನೆ ಎಳೆಯಬೇಡಿ.
– ವಿ.

ನಾನು ವೈದ್ಯೆ. ನನ್ನ ತಕರಾರು 'ಸೋಂಕು' ಬಗ್ಗೆ. ಸೋಂಕು ಅಂದರೆ ತಾಗುವುದು. ಓದಿದವರು ಗಂಡನಿಂದ ಅಂಟಿತು ಅಂದುಕೊಂಡು ಮನೆಯಲ್ಲಿ ಜಗಳ ಶುರು. ಇದು ಆ ಥರದ ಅಂಟುರೋಗ ಅಲ್ಲ. ಹೆಚ್ಚಾಗಿ ಅವಳ ಕರುಳಿನಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾ. ಹೆಂಗಸರಲ್ಲಿ ಮೂತ್ರ ಹೊರಬರುವ ದಾರಿ ಸುಮಾರು 4 ಸೆಂ.ಮೀ. ಅಷ್ಟೇ. ಸೇರುವಾಗಿನ ತಿಕ್ಕಾಟಕ್ಕೆ ಸುಲಭವಾಗಿ ಒಳಗೆ ಹೋಗುತ್ತದೆ. ಇನ್ನು 'ಮೂತ್ರನಾಳ' ಪಠ್ಯಪುಸ್ತಕದಲ್ಲಿ ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಕೊಳವೆ. ಅದು ಬೇರೆ.

ತಲೆಬರಹ ಬಿಡಿ, ಒಳಗೆ ಹೀಗೆ ಬರೆಯಿರಿ: 'ಸೇರಿದ ಮೇಲೆ ತಡಮಾಡದೆ ಒಂದಕ್ಕೆ ಹೋಗಿ ಬನ್ನಿ. ದಿನವಿಡೀ ನೀರು ಚೆನ್ನಾಗಿ ಕುಡಿಯಿರಿ. ಪರಿಮಳದ ಸೋಪು ಹಾಕಿ ಒಳಗೆ ತೊಳೆಯಬೇಡಿ. ವೀರ್ಯನಾಶಕ ಸವರಿದ ಕಾಂಡೋಮ್‌ನಿಂದ ಉರಿ ಜಾಸ್ತಿಯಾಗಬಹುದು, ಸಾದಾದ್ದು ಸಾಕು. ಒಣಗಿದಂತಿದ್ದರೆ ನೀರಿನಂಶದ ಜೆಲ್ ಹಚ್ಚಿ. ಕೊಬ್ಬರಿ ಎಣ್ಣೆಗೆ ಕಾಂಡೋಮ್‌ನ ರಬ್ಬರ್ ಹರಿಯುತ್ತದೆ. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಬಸುರಿಯಾಗಿದ್ದು ಉರಿ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಕೊಟ್ಟ ಮಾತ್ರೆ ಅರ್ಧಕ್ಕೆ ಬಿಡಬೇಡಿ.'

ಜಾರುಕ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ, ಹೊರಗೆ ಕಳಿಸುತ್ತಾರೆ.
– ಶಾ.

ಸೋಪು, ಜೆಲ್, ರಬ್ಬರ್, ಡಾಕ್ಟರ್. ಇದು ಕನ್ನಡವೋ? ಸಾಬೂನು ಅನ್ನಲು ಏನು ಕಷ್ಟ?
– ರಾ.

ಸಾಬೂನು ಅರಬ್ಬಿ. ಆ ಜಾಗಕ್ಕೆ ಸೀಗೆಪುಡಿ ಅಂತ ಬರೆಸೋಣವೇ?
– ವಿ.

ಅದೂ ಬೇಡ, ಇನ್ನೂ ಉರಿಯುತ್ತದೆ!
– ಶಾ.

'ಗಂಡ ಹೆಂಡತಿ ಸೇರಿದ ಮೇಲೆ ಉರಿಮೂತ್ರವೇ?' ಅಂತ ಹಾಕಲಾ?
– ಸು.

ಗಂಡ ಹೆಂಡತಿ ತೆಗೆಯಿರಿ. ಮದುವೆಯಾಗದವರಿಗೂ ಉರಿಯುತ್ತದೆ.
– ಶಾ.

ತೆಗೆದೆ. ಕಳಿಸುತ್ತಿದ್ದೇನೆ. ರಾ. ಅವರೇ, ಅರಿಸಮಾಸದ ಚರ್ಚೆಗೆ ಬೇರೆ ಎಳೆ ಶುರುಮಾಡಿ, ದಯವಿಟ್ಟು.
– ಸು.