2024ರ ಗ್ರ್ಯಾಮಿ ವೇದಿಕೆಯಲ್ಲಿ ಯಾರ ಹಾಡು ನಿಮಗೆ ಹಿಡಿಸಿತು?

ಸಂಜೆಮಲ್ಲಿಗೆ:

ಫೆಬ್ರವರಿ 4ರ ಗ್ರ್ಯಾಮಿ (ಅಮೆರಿಕದ ಸಂಗೀತ ಪ್ರಶಸ್ತಿ) ಕಾರ್ಯಕ್ರಮ ಯಾರೆಲ್ಲ ನೋಡಿದಿರಿ? ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಸಂಜೆ ಅಂದ್ರೆ ನಮಗೆ ಸೋಮವಾರ ಬೆಳಗ್ಗೆ ಆರೂವರೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಒಂದಷ್ಟು ನೋಡಿ, ಉಳಿದದ್ದನ್ನು ರಾತ್ರಿ ಕೂತು ನೋಡಿದೆ. ಯಾರಿಗೆ ಯಾವ ಪ್ರಶಸ್ತಿ ಬಂತು, ಟೇಲರ್ ಸ್ವಿಫ್ಟ್‌ಗೆ ನಾಲ್ಕನೇ ಸಲ ವರ್ಷದ ಆಲ್ಬಂ ಕೊಟ್ಟಿದ್ದು ಸರಿಯಾ ತಪ್ಪಾ, ಇದೆಲ್ಲ ಎಲ್ಲ ಕಡೆ ಚರ್ಚೆ ಆಗುತ್ತಿದೆ. ನನಗೆ ಮಾತಾಡಬೇಕಿರುವುದು ವೇದಿಕೆ ಮೇಲೆ ಹಾಡಿದವರ ಬಗ್ಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟ್ರೇಸಿ ಚಾಪ್ಮನ್ ಮತ್ತು ಲ್ಯೂಕ್ ಕೂಂಬ್ಸ್ ಸೇರಿ ಹಾಡಿದ 'ಫಾಸ್ಟ್ ಕಾರ್'. ಕ್ಯಾಮೆರಾ ಮೊದಲು ತೋರಿಸಿದ್ದು ಗಿಟಾರ್ ತಂತಿಯ ಮೇಲೆ ಆಡುವ ಬೆರಳುಗಳನ್ನು ಮಾತ್ರ. ಆ ನಾಲ್ಕು ಸ್ವರ ಕೇಳಿದರೆ ಸಾಕು, ಹಾಡು ಯಾವುದು ಅಂತ ಗೊತ್ತಾಗುತ್ತದೆ. ಆಮೇಲೆ ಕ್ಯಾಮೆರಾ ನಿಧಾನವಾಗಿ ಮೇಲೆ ಬಂದು ಟ್ರೇಸಿ ಮುಖ ಕಂಡಾಗ ಜನ ಕೂಗಿದ ಕೂಗು ಇದೆಯಲ್ಲ, ಅದನ್ನು ಕೇಳಿ ಅವರ ಮುಖದಲ್ಲಿ ಅರಳಿದ ನಗು ಇದೆಯಲ್ಲ, ಅಷ್ಟಕ್ಕೇ ನನ್ನ ಕಣ್ಣು ತುಂಬಿತ್ತು. ಕೂದಲು ನರೆತಿದೆ, ಮೈಮೇಲೆ ಕಪ್ಪು ಶರ್ಟು, ಜೀನ್ಸ್. ದನಿ ಮಾತ್ರ 1988ರಲ್ಲಿ ಆಕೆಯೇ ಬರೆದು ಹಾಡಿದ ಈ ಹಾಡಿನ ರೆಕಾರ್ಡಿನಲ್ಲಿ ಇದ್ದ ಹಾಗೇ ಇದೆ. ಕೂಂಬ್ಸ್ ಅವರನ್ನೂ ಮೆಚ್ಚಬೇಕು. ತಮ್ಮ ಸರದಿ ಇಲ್ಲದಾಗ ಆಕೆಯನ್ನೇ ನೋಡುತ್ತಾ ತುಟಿಯಲ್ಲೇ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದರು, ಕೊನೆಯಲ್ಲಿ ಬಗ್ಗಿ ನಮಸ್ಕರಿಸಿದರು.

ಎರಡನೆಯದು ಹಾಡುಗಾರ್ತಿ ಜೋನಿ ಮಿಚೆಲ್. ಆಗ ಎಂಬತ್ತು ವರ್ಷ. 1970ರಲ್ಲೇ ಮೊದಲ ಗ್ರ್ಯಾಮಿ ಪಡೆದವರು, ಆದರೆ ಆ ವೇದಿಕೆಯಲ್ಲಿ ಹಾಡಿದ್ದು ಇದೇ ಮೊದಲ ಸಲ. ದೊಡ್ಡ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಊರುಗೋಲು ಹಿಡಿದು, ಬ್ರ್ಯಾಂಡಿ ಕಾರ್ಲೈಲ್ ಮತ್ತು ಗೆಳೆಯರ ಜೊತೆ 'ಬೋತ್ ಸೈಡ್ಸ್ ನೌ' ಹಾಡಿದರು. ನನಗೆ ತುಂಬ ಇಷ್ಟ ಆಯಿತು. ಆದರೆ ನನ್ನ ತಂಗಿ "ಅಕ್ಕಾ, ನೀನು ವಯಸ್ಸಿಗೆ ಮರ್ಯಾದೆ ಕೊಡ್ತಿದ್ದೀಯ, ಹಾಡಿಗಲ್ಲ. ಇದೇ ಹಾಡನ್ನ ಮೂವತ್ತರವರು ಹೀಗೆ ಹಾಡಿದ್ರೆ ಕೇಳ್ತಿದ್ಯಾ?" ಅಂದಳು. ಅವಳ ಮಾತು ತಲೆಯಲ್ಲೇ ಉಳಿದಿದೆ. ನಿಮಗೆ ಏನನ್ನಿಸುತ್ತದೆ?

ಉಳಿದದ್ದರಲ್ಲಿ ಬಿಲ್ಲಿ ಐಲಿಶ್ ಚೆನ್ನಾಗಿತ್ತು. ಅಣ್ಣ ಫಿನಿಯಸ್ ಪಿಯಾನೊ ಮುಂದೆ, ಪಿಸುಮಾತಿನ ಹಾಗೆ ಹಾಡು, ಸಭೆಯೆಲ್ಲ ಮೌನ. ಟ್ರಾವಿಸ್ ಸ್ಕಾಟ್ ಕುರ್ಚಿ ಎತ್ತಿ ಬಡಿದಿದ್ದು ನನಗೆ ಹಿಡಿಸಲಿಲ್ಲ. ಅಷ್ಟು ಗದ್ದಲದಲ್ಲಿ ಹಾಡು ಎಲ್ಲಿ ಹೋಯಿತು ಅಂತ ಹುಡುಕಬೇಕಾಯಿತು.

ಜರ್ಸಿಕನ್ನಡತಿ:

ನಾವು ಇಲ್ಲಿ ಅಮೆರಿಕದಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ಸಿಬಿಎಸ್ ಟಿವಿಯಲ್ಲಿ ನೇರವಾಗಿ ನೋಡಿದೆವು. 'ಫಾಸ್ಟ್ ಕಾರ್' ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಒಂದು ಓಟು. ಮರುದಿನ ಆಫೀಸಿನಲ್ಲಿ, ಮಗನ ಶಾಲೆಯ ಗೇಟಿನ ಹತ್ತಿರ, ಎಲ್ಲರ ಬಾಯಲ್ಲೂ ಅದೇ ಹಾಡು. ಇಲ್ಲಿ ಈಗ ಜನ ಯಾವುದಕ್ಕೂ ಒಮ್ಮತಕ್ಕೆ ಬರುವುದಿಲ್ಲ, ಈ ಒಂದು ಹಾಡಿಗೆ ಬಂದರು.

ಈ ಹಾಡಿನ ಹಿಂದಿನ ಕಥೆ ಗೊತ್ತಿದ್ದರೆ ಇನ್ನೂ ಜಾಸ್ತಿ ತಟ್ಟುತ್ತದೆ. 1988ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬಕ್ಕೆ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. ಮಂಡೇಲಾ ಆಗಿನ್ನೂ ಜೈಲಿನಲ್ಲಿದ್ದರು. ಗಾಯಕ ಸ್ಟೀವಿ ವಂಡರ್ ವೇದಿಕೆ ಹತ್ತಬೇಕು, ಅಷ್ಟರಲ್ಲಿ ಅವರ ಸಿಂಥಸೈಜರಿನ (ಎಲೆಕ್ಟ್ರಾನಿಕ್ ಕೀಬೋರ್ಡಿನ) ಹಾರ್ಡ್ ಡಿಸ್ಕ್ ಕಾಣೆಯಾಗಿದೆ ಅಂತ ಗೊತ್ತಾಯಿತು. ಸಂಗೀತವೆಲ್ಲ ಅದರಲ್ಲೇ ಇತ್ತು. ಅವರು ಅಳುತ್ತಾ ಹೊರಟುಬಿಟ್ಟರು. ಆ ಹೊತ್ತಿಗೆ ತನ್ನ ಹಾಡು ಮುಗಿಸಿ ಕೂತಿದ್ದ ಟ್ರೇಸಿ ಅವರನ್ನು ಮತ್ತೆ ಕಳಿಸಿದರು. ಬ್ಯಾಂಡ್ ಇಲ್ಲ, ಏನಿಲ್ಲ, ಒಂದು ಗಿಟಾರ್ ಮಾತ್ರ. ಹೆಚ್ಚಿನವರಿಗೆ ಹೆಸರೂ ಗೊತ್ತಿರದ ಹುಡುಗಿ ಅಷ್ಟು ದೊಡ್ಡ ಮೈದಾನವನ್ನು ಸುಮ್ಮನಾಗಿಸಿದಳು. ಮುಂದಿನ ವರ್ಷ ಮೂರು ಗ್ರ್ಯಾಮಿ ಬಂತು. ಈ ಸಲದ ಕಾರ್ಯಕ್ರಮದಲ್ಲಿ ಸ್ಟೀವಿ ವಂಡರ್ ಕೂಡ ಹಾಡಿದರು, ತೀರಿಕೊಂಡ ಗಾಯಕ ಟೋನಿ ಬೆನೆಟ್ ನೆನಪಿಗೆ. ಇಬ್ಬರನ್ನೂ ಒಂದೇ ರಾತ್ರಿ ನೋಡಿ ನನಗೆ ಮೈ ಜುಮ್ಮೆಂದಿತು.

ಇನ್ನೊಂದು ಗಮನಿಸಿದಿರಾ? ಹಾಡಿನಲ್ಲಿ ಮಾತಾಡುವವಳು ಅಂಗಡಿಯ ಗಲ್ಲಾದಲ್ಲಿ ಕೆಲಸ ಮಾಡುವ ಹುಡುಗಿ. ಅಪ್ಪ ಕುಡುಕ, ಅಮ್ಮ ಬಿಟ್ಟುಹೋಗಿದ್ದಾಳೆ, ಅಪ್ಪನನ್ನು ನೋಡಿಕೊಳ್ಳೋಕೆ ಇವಳು ಓದು ಬಿಟ್ಟಿದ್ದಾಳೆ. ಕೂಂಬ್ಸ್ ಗಡ್ಡ ಬಿಟ್ಟ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಜಾನಪದದಿಂದ ಬೆಳೆದ ಸಂಗೀತ) ಗಾಯಕ, ಆದರೂ ಆ 'ಹುಡುಗಿ' ಅನ್ನುವ ಮಾತನ್ನು ತನಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಲಿಲ್ಲ, ಹಾಗೇ ಹಾಡಿದ್ದಾರೆ. ಚಿಕ್ಕವರಿದ್ದಾಗ ಅಪ್ಪನ ಪಿಕಪ್ ಗಾಡಿಯಲ್ಲಿ ಈ ಕ್ಯಾಸೆಟ್ ಕೇಳಿ ಬೆಳೆದವರು ಅವರು. ಹಾಡಿನ ಮೇಲೆ ಅಷ್ಟು ಗೌರವ ಇದ್ದರೆ ಮಾತ್ರ ಹೀಗೆ ಹಾಡೋಕೆ ಆಗುತ್ತದೆ.

ಒಂದು ಬೇಸರವನ್ನೂ ಹೇಳಲೇಬೇಕು. ಕಪ್ಪು ಮಹಿಳೆ ಬರೆದು ಹಾಡಿದ್ದು ಕಂಟ್ರಿ ರೇಡಿಯೊಗೆ ಬರೋಕೆ ಬಿಳಿಯ ಗಂಡಸೊಬ್ಬ ಹಾಡಬೇಕಾಯಿತು. 2023ರಲ್ಲಿ ಕೂಂಬ್ಸ್ ಹಾಡಿದ್ದು ಆ ರೇಡಿಯೊ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದಾಗ, ಒಬ್ಬರೇ ಬರೆದ ಹಾಡಿನಿಂದ ಅಲ್ಲಿಗೆ ತಲುಪಿದ ಮೊದಲ ಕಪ್ಪು ಮಹಿಳೆ ಟ್ರೇಸಿ ಆದರು. ಅದೂ ಹಾಡು ಹುಟ್ಟಿ 35 ವರ್ಷದ ಮೇಲೆ! ಅದಕ್ಕೇ ಆಕೆ ಸ್ವತಃ ಆ ವೇದಿಕೆಯಲ್ಲಿ ನಿಂತು, ಮೊದಲ ಸಾಲು ಆಕೆಯೇ ಹಾಡಿದ್ದು ನನಗೆ ಮುಖ್ಯ ಅನ್ನಿಸಿತು.

ಡ್ರಮ್‌ಕಡ್ಡಿ:

ಎಲ್ಲರೂ ಗಿಟಾರ್ ಹಿಡಿದು ನಿಂತು ಹಾಡಿದವರನ್ನೇ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಇನ್ನೊಂದು ಕಡೆಯ ಮಾತು ಹೇಳುತ್ತೇನೆ. ಇದು ಟಿವಿ ಕಾರ್ಯಕ್ರಮ. ಮೂರೂವರೆ ಗಂಟೆ. ಅಷ್ಟೂ ಹೊತ್ತು ಕಣ್ಣೀರು ಹಾಕಿಸಿದರೆ ಯಾರು ನೋಡುತ್ತಾರೆ? ದುವಾ ಲಿಪಾ ಶುರುವಿನಲ್ಲೇ ಕಂಬಿಗಳ ಚೌಕಟ್ಟು ಹತ್ತಿ ಇಳಿದು ಕುಣಿಯುತ್ತಾ ಹಾಡಿದರಲ್ಲ, ಉಸಿರು ಎಲ್ಲೂ ತಪ್ಪಲಿಲ್ಲ, ತಾಳ ಎಲ್ಲೂ ಜಾರಲಿಲ್ಲ. ಕುಣಿದುಕೊಂಡು ಶ್ರುತಿ ಹಿಡಿಯೋದು ಎಷ್ಟು ಕಷ್ಟ ಅಂತ ಒಂದು ಮಹಡಿ ಮೆಟ್ಟಿಲು ಹತ್ತಿ ಒಂದು ಪಲ್ಲವಿ ಹಾಡಿ ನೋಡಿ, ಗೊತ್ತಾಗುತ್ತದೆ.

ನನ್ನ ಮೊದಲ ಸ್ಥಾನ ಮೈಲಿ ಸೈರಸ್‌ಗೆ. ಆಕೆಗೆ ಆ ರಾತ್ರಿ ಜೀವನದ ಮೊದಲ ಗ್ರ್ಯಾಮಿ ಬಂದಿತ್ತು. 'ಫ್ಲವರ್ಸ್' ಹಾಡುವಾಗ ಮಧ್ಯದಲ್ಲೇ ಅದನ್ನು ಕೂಗಿ ಹೇಳಿಕೊಂಡು ಕುಣಿದರು. ಕೂತವರನ್ನು, ಈ ಹಾಡು ಗೊತ್ತೇ ಇಲ್ಲದವರ ಹಾಗೆ ಯಾಕೆ ಕೂತಿದ್ದೀರಿ ಅಂತ ರೇಗಿಸಿದರು. ರಿಹರ್ಸಲ್ ಮಾಡಿ ತಂದ ಖುಷಿ ಅಲ್ಲ ಅದು. ಗಂಟಲು ಸ್ವಲ್ಪ ಒರಟು, ಅದೇ ಆಕೆಯ ಚಂದ.

ಸಿಜಾ ಕೂಡ. ಒಂಬತ್ತು ನಾಮನಿರ್ದೇಶನ ಇತ್ತು ಆಕೆಗೆ, ಎಲ್ಲರಿಗಿಂತ ಜಾಸ್ತಿ. ಸುತ್ತ ಕತ್ತಿ ಹಿಡಿದ ಹೆಂಗಸರ ಕಾದಾಟ, ನಡುವೆ ಆಕೆ ಅರಾಮಾಗಿ ಹಾಡುತ್ತಾ ನಡೆಯೋದು, ಎಂಥ ಧೈರ್ಯದ ಕಲ್ಪನೆ. ನೈಜೀರಿಯಾದ ಬರ್ನಾ ಬಾಯ್ ಬಂದಾಗ ನಮ್ಮ ಮನೆಯಲ್ಲಿ ಕೂತಿದ್ದವರೆಲ್ಲ ಎದ್ದರು. ಆ ತಾಳವಾದ್ಯ ಕೇಳಿ ಕಾಲು ಸುಮ್ಮನಿರೋಕೆ ಸಾಧ್ಯನೇ ಇಲ್ಲ.

ಟ್ರಾವಿಸ್ ಸ್ಕಾಟ್ ಬಗ್ಗೆ: ಆ ಸಂಗೀತವೇ ಸಿಟ್ಟಿನದು. ಸಿಟ್ಟನ್ನು ಕುರ್ಚಿಯಲ್ಲಿ ಕೂತು ಹಾಡೋಕೆ ಆಗಲ್ಲ.

ಹುಬ್ಬಳ್ಳಿಯವ:

ಸಂಜೆಮಲ್ಲಿಗೆ ಅವರೇ, ನಿಮ್ಮ ತಂಗಿಯ ಪ್ರಶ್ನೆಗೆ ನನ್ನ ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಾನು ಬೆಳೆದದ್ದು ಗಂಗೂಬಾಯಿ ಹಾನಗಲ್ ಅವರ ಊರಿನಲ್ಲಿ. ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳು, ಎಳೆ ಹುಡುಗಿಯ ದನಿ. ಮುಂದೆ ಗಂಟಲಿನ ತೊಂದರೆಯಾಗಿ, ಶಸ್ತ್ರಚಿಕಿತ್ಸೆಯಾಗಿ, ದನಿ ಗಂಡಸರ ದನಿಯಷ್ಟು ಗಟ್ಟಿಯಾಯಿತು. ಮೊದಲಿನ ದನಿ ಹೋಯಿತು ಅಂತ ಅವರು ಹಾಡು ಬಿಡಲಿಲ್ಲ. ಬಂದ ದನಿಗೆ ತಕ್ಕ ಹಾಗೆ ರಾಗವನ್ನು ನಿಧಾನವಾಗಿ, ಒಂದೊಂದೇ ಸ್ವರ ಊರಿ ಹಾಡಿದರು. ಇವತ್ತು ಜನ ಅವರನ್ನು ನೆನಪಿಡುವುದು ಆ ಎರಡನೇ ದನಿಗೆ. ಅದನ್ನು ಕೇಳಿ ಬೆಳೆದವರಿಗೆ, ದನಿ ಬದಲಾದರೆ ಸಂಗೀತ ಕಮ್ಮಿಯಾಯಿತು ಅನ್ನುವ ಲೆಕ್ಕ ಒಪ್ಪಿಗೆ ಆಗೋದಿಲ್ಲ.

ಜೋನಿ ಮಿಚೆಲ್ ಈ ಹಾಡು ಬರೆದಾಗ ಇಪ್ಪತ್ತರ ಆಚೀಚೆ. ಮೋಡವನ್ನು ಎರಡು ಕಡೆಯಿಂದ ನೋಡಿದೆ, ಪ್ರೀತಿಯನ್ನು, ಬದುಕನ್ನು ಎರಡು ಕಡೆಯಿಂದ ನೋಡಿದೆ, ಆದರೂ ಏನೂ ತಿಳಿಯಲಿಲ್ಲ ಅನ್ನುವ ಹಾಡು. 1969ರ ರೆಕಾರ್ಡಿನಲ್ಲಿ ದನಿ ಸಲೀಸಾಗಿ ಮೇಲಕ್ಕೆ ಹೋಗುತ್ತದೆ, ಚೆಂದ ಇದೆ, ಆದರೆ ಬದುಕು ನೋಡಿದ್ದೀನಿ ಅನ್ನೋ ಮಾತು ಆ ವಯಸ್ಸಿನ ಬಾಯಲ್ಲಿ ಸ್ವಲ್ಪ ದೊಡ್ಡದಾಯಿತು ಅನ್ನಿಸುತ್ತದೆ. 2015ರಲ್ಲಿ ಆಕೆಗೆ ಮೆದುಳಿನ ರಕ್ತನಾಳದ ತೊಂದರೆ ಆಯಿತು. ನಡೆಯೋದು, ಮಾತಾಡೋದು ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಈಗ ಅದೇ ಸಾಲನ್ನು ಮಂದ್ರದಲ್ಲಿ, ಎಲ್ಲೆಲ್ಲಿ ಬೇಕೋ ಅಲ್ಲಿ ನಿಂತು, ಮಾತಾಡಿದ ಹಾಗೆ ಹಾಡುತ್ತಾರೆ. ಗಮನಿಸಿ ಕೇಳಿ: ಪ್ರತಿ ಸಾಲಿನ ಕೊನೆಯ ಪದವನ್ನು ಅವರು ತಾಳಕ್ಕಿಂತ ಸ್ವಲ್ಪ ತಡವಾಗಿ ಇಡುತ್ತಾರೆ, ಹಿಂದೆ ಬಾರಿಸುವವರೆಲ್ಲ ಅವರಿಗೋಸ್ಕರ ಕಾಯುತ್ತಾರೆ. ಅದು ಸುಸ್ತಾಗಿ ತಡವಾಗಿದ್ದಲ್ಲ. ಜಾಝ್ ಸಂಗೀತಗಾರರ ಜೊತೆ ವರ್ಷಗಟ್ಟಲೆ ಹಾಡಿದವರ ಹಿಡಿತ.

ಹಾಗಾಗಿ ನಿಮ್ಮ ತಂಗಿಗೆ ಹೇಳಿ, ಮೂವತ್ತರವರು ಹೀಗೆ ಹಾಡೋಕೆ ಆಗೋದಿಲ್ಲ. ವಯಸ್ಸು ಆ ಹಾಡಿನ ಒಳಗೇ ಇದೆ. ವಯಸ್ಸಿಗೆ ಮರ್ಯಾದೆ ಕೊಟ್ಟೆವು ಅಂದುಕೊಂಡರೂ ತಪ್ಪೇನಿಲ್ಲ, ಕೊಟ್ಟಿದ್ದು ಹಾಡಿಗೇ.

ಗಾಂಧಿಬಜಾರ್:

ಅಗಲಿದವರನ್ನು ನೆನೆಯುವ ಭಾಗದ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹಾಡುಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಐರ್ಲೆಂಡಿನ ಗಾಯಕಿ ಸಿನೇಡ್ ಓಕಾನರ್ ನೆನಪಿಗೆ ಆನಿ ಲೆನ್ನಾಕ್ಸ್ ಹಾಡಿದ್ದಂತೂ ಎದೆಗೆ ಹೊಕ್ಕಿತು. ಕೆನ್ನೆ ಮೇಲೆ ಕಣ್ಣೀರ ಹನಿ ಬರೆದುಕೊಂಡು ಬಂದಿದ್ದರು. ಹಾಡು ಮುಗಿಸಿ ಮುಷ್ಟಿ ಎತ್ತಿ ಕದನವಿರಾಮಕ್ಕೆ, ಶಾಂತಿಗೆ ಕೂಗು ಕೊಟ್ಟರು. ಸಿನೇಡ್ ಇದ್ದಿದ್ದರೆ ಅವರೂ ಸುಮ್ಮನೆ ಹಾಡಿ ಹೋಗುತ್ತಿರಲಿಲ್ಲ, ಅವರನ್ನು ನೆನೆಯುವ ಸರಿಯಾದ ರೀತಿ ಅದೇ. ಟೀನಾ ಟರ್ನರ್‌ಗಾಗಿ ಫ್ಯಾಂಟೇಸಿಯಾ ಇಡೀ ಸಭೆಯನ್ನು ಎಬ್ಬಿಸಿದರು.

ನನ್ನ ತಕರಾರು ಏನಂದ್ರೆ, ಕ್ಯಾಮೆರಾ ಹಾಡುವವರ ಮೇಲೆ ಇದ್ದಾಗ ತೀರಿಕೊಂಡವರ ಹೆಸರುಗಳು ಹಿಂದಿನ ಪರದೆಯಲ್ಲಿ ಸರಿದುಹೋಗುತ್ತಿದ್ದವು. ಎಷ್ಟೋ ಹೆಸರು ಓದೋಕೂ ಆಗಲಿಲ್ಲ. ಒಬ್ಬ ಡ್ರಮ್ಮರ್, ಒಬ್ಬ ರೆಕಾರ್ಡಿಂಗ್ ಎಂಜಿನಿಯರ್, ಜೀವನಪೂರ್ತಿ ಬೇರೆಯವರ ಹಾಡಿಗೆ ದುಡಿದವರು. ಅವರ ಹೆಸರು ತೆರೆ ತುಂಬ ಬರೋದಿದ್ದರೆ ಅದೊಂದೇ ಸಲ. ಅದನ್ನಾದರೂ ನೆಟ್ಟಗೆ ತೋರಿಸಬೇಡವಾ?

ಎರಡನೇ ಬೇಸರ ನಮ್ಮವರದ್ದು. ಭಾರತೀಯ ಸಂಗೀತಕ್ಕೆ ಜಾಝ್ ಬೆರೆಸುವ 'ಶಕ್ತಿ' ತಂಡಕ್ಕೆ ಅವತ್ತೇ ಪ್ರಶಸ್ತಿ ಬಂತು. ತಬಲಾದ ಜಾಕಿರ್ ಹುಸೇನ್ ಅವರಿಗೆ ಒಂದೇ ದಿನ ಮೂರು, ಕೊಳಲಿನ ರಾಕೇಶ್ ಚೌರಾಸಿಯಾ ಅವರಿಗೆ ಎರಡು. ಶಂಕರ್ ಮಹಾದೇವನ್, ಕಂಜಿರದ ಸೆಲ್ವಗಣೇಶ್, ವಯಲಿನ್‌ನ ಗಣೇಶ್ ರಾಜಗೋಪಾಲನ್ ಎಲ್ಲರೂ ಲಾಸ್ ಏಂಜಲೀಸ್‌ನಲ್ಲೇ ಇದ್ದರು. ಆದರೆ ಅವತ್ತಿನ ಒಟ್ಟು 94 ವಿಭಾಗಗಳಲ್ಲಿ ಹೆಚ್ಚಿನವನ್ನು ಮಧ್ಯಾಹ್ನವೇ ಬೇರೆ ಸಭಾಂಗಣದಲ್ಲಿ ಕೊಟ್ಟು ಮುಗಿಸಿದರು, ಅದು ಬಂದಿದ್ದು ಇಂಟರ್‌ನೆಟ್ಟಿನಲ್ಲಿ ಮಾತ್ರ. ನಮ್ಮ ಬೆಂಗಳೂರಿನ ರಿಕಿ ಕೇಜ್ 2015, 2022, 2023ರಲ್ಲಿ ಗೆದ್ದಾಗಲೂ ಹೀಗೇ, ಟಿವಿಯ ಮುಖ್ಯ ಕಾರ್ಯಕ್ರಮದಲ್ಲಿ ಬರಲಿಲ್ಲ. ಎಲ್ಲ ಪ್ರಶಸ್ತಿಯನ್ನೂ ತೋರಿಸೋಕೆ ಹೊತ್ತು ಸಾಲದು, ಅದು ಅರ್ಥ ಆಗುತ್ತದೆ. ಆದರೆ ಅಂಥ ತಂಡ ಊರಿನಲ್ಲೇ ಇರುವಾಗ ಮೂರು ನಿಮಿಷ ತಬಲಾ ಕಂಜಿರ ಕೇಳಿಸಿದ್ದರೆ, ಅಲ್ಲಿದ್ದವರ ಯಾರ ಡ್ರಮ್ಮಿಗೂ ಅದು ಕಮ್ಮಿ ಆಗುತ್ತಿರಲಿಲ್ಲ.

ಸಂಜೆಮಲ್ಲಿಗೆ:

ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿಯವರೇ, ನಿಮ್ಮ ಉತ್ತರವನ್ನು ತಂಗಿಗೆ ಓದಿ ಹೇಳಿದೆ. "ತಡವಾಗಿ ಪದ ಇಡೋದು" ಅನ್ನೋದನ್ನು ಕೇಳಬೇಕು ಅಂತ ಅವಳೇ ಮತ್ತೆ ಹಾಕಿ ಕೇಳಿದಳು. ಪೂರ್ತಿ ಒಪ್ಪಿಲ್ಲ. ಹಾಡು ಚೆನ್ನಾಗಿದೆ, ಆದರೆ ಕುರ್ಚಿ, ದೀಪದ ಗೊಂಚಲು ಇದೆಲ್ಲ ಅಳಿಸೋಕೆ ಮಾಡಿದ್ದು ಅಂತಾಳೆ. ಅದರಲ್ಲಿ ಸ್ವಲ್ಪ ನಿಜ ಇದೆ.

ಡ್ರಮ್‌ಕಡ್ಡಿ ಅವರೇ, ಮೈಲಿ ವಿಷಯ ಒಪ್ಪಿದೆ. ದುವಾ ಲಿಪಾ ಬಗ್ಗೆ ಮಾತ್ರ ನನಗೆ ಕುಣಿತ ನೆನಪಿದೆ, ಹಾಡು ನೆನಪಿಲ್ಲ. ಟ್ರೇಸಿ 2009ರ ನಂತರ ಸಂಗೀತ ಪ್ರವಾಸವನ್ನೇ ಮಾಡಿಲ್ಲ, ಒಂದು ಹಾಡಿಗೆ ಬಂದು ಹೋದರು, ಅದು ಮಾತ್ರ ಬಾಯಲ್ಲೇ ಇದೆ.

ಡ್ರಮ್‌ಕಡ್ಡಿ:

ದುವಾ ಹಾಡಿದ್ದರಲ್ಲಿ ಒಂದು ಆಗಿನ್ನೂ ಬಿಡುಗಡೆಯೇ ಆಗಿರಲಿಲ್ಲ, 'ಟ್ರೇನಿಂಗ್ ಸೀಸನ್'. ಮೊದಲ ಸಲ ಕೇಳಿದ ಹಾಡಿಗೂ ಮೂವತ್ತೈದು ವರ್ಷ ಕೇಳಿದ ಹಾಡಿಗೂ ಹೋಲಿಕೆ ಬೇಡ. ಇನ್ನೊಂದೆರಡು ಸಲ ಕೇಳಿ, ಆಮೇಲೆ ಮಾತಾಡೋಣ.

ಗಾಂಧಿಬಜಾರ್ ಅವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಾನೂ ಡ್ರಮ್ ಬಾರಿಸುವವನೇ. ಜಾಕಿರ್ ಹುಸೇನ್, ಸೆಲ್ವಗಣೇಶ್ ಇಬ್ಬರನ್ನೂ ಎದುರುಬದುರು ಕೂರಿಸಿದ್ದರೆ, ಟ್ರಾವಿಸ್ ಸ್ಕಾಟ್ ಬದಲು ನಾನು ಅವರಿಗೇ ಓಟು ಹಾಕುತ್ತಿದ್ದೆ.